ನಾಲ್ಕು ಗಂಟೆಯ ಬಸ್ಸು

ಎಲ್ಲಕ್ಕೂ ಕಾರಣ ಒಂದು ಸೀನು. ಅದೊಂದು ಬರದೇ ಇದ್ದಿದ್ದರೆ ಮೆಲ್ವಿನ್ ಪ್ಲಂಕೆಟ್ ಆ ಭಾನುವಾರ ಹನ್ನೊಂದೂವರೆಗೆಲ್ಲ ಆಟ ಸೋತು ಎದ್ದು, ಫ್ರೀಮಾಂಟ್ ಬೀದಿಯ ಯಾವುದಾದರೂ ನೆರಳಿನಲ್ಲಿ ಕುಳಿತು, ನಾಲ್ಕು ಡಾಲರಿನ ಹಾಟ್‌ಡಾಗ್ ತಿನ್ನುತ್ತಾ ನೆಮ್ಮದಿಯಾಗಿರುತ್ತಿದ್ದ. ಸೋಲುವುದು ಅವನಿಗೆ ಹೊಸದೇನಲ್ಲ. ಬೇಕರ್ಸ್‌ಫೀಲ್ಡಿನ ಒಂದು ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಹುರುಳಿಕಾಯಿ ಬೇಯಿಸುತ್ತಿದ್ದಾನೆ. ಏಳು ವರ್ಷದಿಂದ ಪ್ರತಿ ಅಕ್ಟೋಬರಿನಲ್ಲಿ, ಬಸ್ಸಿನ ಅಗ್ಗದ ಮೂರು ದಿನದ ಪ್ರವಾಸದಲ್ಲಿ ಲಾಸ್ ವೇಗಸ್‌ಗೆ ಬರುತ್ತಾನೆ. ಕೊನೆಯ ದಿನ ಬೆಳಗ್ಗೆ ಹತ್ತಕ್ಕೆ, ಹಳೇ ಪೇಟೆಯ ಒಂದು ಸಣ್ಣ ಕ್ಯಾಸಿನೊದಲ್ಲಿ ಐವತ್ತು ಡಾಲರಿನ ಪೋಕರ್ ಪಂದ್ಯಕ್ಕೆ ಕೂರುತ್ತಾನೆ. ಏಳು ಸಲವೂ ಮೊದಲ ವಿರಾಮದೊಳಗೇ ಎದ್ದು ಬಂದಿದ್ದಾನೆ.

ಇದು ಶಾಲೆಯಲ್ಲೆಲ್ಲ ಪ್ರಸಿದ್ಧ. ನೀರು ಬೇಗ ಕುದಿದರೆ, "ಮೆಲ್ವಿನ್ ಪೋಕರ್ ಆಡಿದಷ್ಟೇ ಹೊತ್ತಲ್ಲಿ ಕುದೀತು ನೋಡು" ಎನ್ನುವುದು ಅಲ್ಲಿಯ ವಾಡಿಕೆ. ಈ ಮಾತನ್ನು ಹುಟ್ಟುಹಾಕಿದವನು ಶಾಲೆಯ ಜವಾನ ಹಾರ್ಲನ್ ಟೀಗ್. ಅವನೂ ಪ್ರವಾಸದ ಜೊತೆಗಾರನೇ. ಟೀವಿಯಲ್ಲಿ ಬರುವ ಪೋಕರ್ ಆಟ ಒಂದನ್ನೂ ಬಿಡದೆ ನೋಡಿದವನು, ಆದರೆ ಒಂದು ಸಲವೂ ಆಡಿದವನಲ್ಲ. ಹಾಗಾಗಿ ಅವನ ಜ್ಞಾನಕ್ಕೆ ಎಲ್ಲೂ ಕುಂದು ಬಂದಿರಲಿಲ್ಲ.

ಮೆಲ್ವಿನ್ನನ ಹೆಂಡತಿ ಆರ್ಲೀನ್ ಹೊರಡುವ ದಿನವೇ ಹೇಳಿದ್ದಳು: "ಐವತ್ತು ಡಾಲರ್ ಸೋಲೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಇಲ್ಲೇ ಅಡುಗೆಮನೇಲಿ ಕೂತ್ಕೋ. ನಾನೇ ಸೋಲಿಸ್ತೀನಿ. ಇಪ್ಪತ್ತೈದು ಕೊಡು, ಸಾಕು."

ಮೂರನೆಯ ಜೊತೆಗಾರಳು ಮುಖ್ಯ ಅಡುಗೆಯವಳು ವರ್ನಾ ಸ್ಟಬ್ಸ್. ಐದು ನೂರು ಮಕ್ಕಳನ್ನು ಒಂದೇ ಸೌಟಿನಿಂದ ಸಾಲಾಗಿ ನಿಲ್ಲಿಸುವ ಹೆಂಗಸು. ಪ್ರವಾಸದಲ್ಲೂ ಆಕೆಯ ಕೈಯಲ್ಲಿ ಕಾಣದ ಸೌಟೊಂದು ಇದ್ದೇ ಇರುತ್ತಿತ್ತು. ಕೊನೆಯ ದಿನ ಬೆಳಗ್ಗೆ ಎಲ್ಲರ ಪರ್ಸುಗಳನ್ನೂ ಕಸಿದು ತನ್ನ ಕೈಚೀಲಕ್ಕೆ ಹಾಕಿಕೊಳ್ಳುವುದು ಅವಳ ಕ್ರಮ. "ಗಂಡಸರ ಬುದ್ಧಿ ಕೊನೇ ದಿನ ಕೆಡೋದು" ಎನ್ನುವುದು ಅವಳ ಸಿದ್ಧಾಂತ. ಆ ದಿನವೂ ಮೆಲ್ವಿನ್ನನಿಗೆ ಪಂದ್ಯದ ಐವತ್ತು, ಹಾಟ್‌ಡಾಗಿಗೆ ನಾಲ್ಕು, ಒಟ್ಟು ಐವತ್ತನಾಲ್ಕು ಡಾಲರ್ ಕೊಟ್ಟು, "ಹನ್ನೆರಡಕ್ಕೆ ಬಂದು ಪೆಟ್ಟಿಗೆ ಹೊರು. ಬಸ್ಸು ನಾಲ್ಕಕ್ಕೆ" ಎಂದು ಕಳಿಸಿದ್ದಳು.

ಬಸ್ಸಿನ ಮಾತು ತಮಾಷೆಯದಲ್ಲ. ಈ ಸಲ ಇನ್ನೂ ಅಗ್ಗವೆಂದು ಬೇರೆ ಕಂಪನಿಯ ನೀಲಿ ಬಸ್ಸಿನಲ್ಲಿ ಬಂದಿದ್ದರು. ಮುಂದಿನ ಬಸ್ಸು ಇದ್ದದ್ದು ಮಂಗಳವಾರ. ಸೋಮವಾರ ಬೆಳಗಿನ ಐದೂವರೆಗೆ ಶಾಲೆಯ ಒಲೆ ಹಚ್ಚುವವನು ಮೆಲ್ವಿನ್. ಹೋದ ತಿಂಗಳು ಎರಡು ಸಲ ತಡವಾಗಿ ಹೋಗಿ, "ಇನ್ನೊಂದು ಸಲ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಿ" ಎಂದು ಮುಖ್ಯೋಪಾಧ್ಯಾಯಿನಿ ಸಹಿ ಹಾಕಿದ ಕಾಗದವನ್ನು ಅವನು ಕೈಯಾರೆ ತೆಗೆದುಕೊಂಡಿದ್ದ.

ಇಷ್ಟೆಲ್ಲ ಇದ್ದರೂ ಸೀನು ಬಂತು.

ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಐವತ್ತೆರಡು ಜನ ಶುರುಮಾಡಿದ ಪಂದ್ಯದಲ್ಲಿ ಹನ್ನೆರಡು ಜನ ಆಗಲೇ ಎದ್ದು ಹೋಗಿದ್ದರು. ಮೆಲ್ವಿನ್ನನ ಪಂತದ ಬಿಲ್ಲೆಗಳು ಕರಗಿ, ಸಣ್ಣದೊಂದು ಗೋಪುರವಾಗಿ ಅವನ ಮುಂದೆ ನಿಂತಿದ್ದವು. ಕೈಗೆ ಬಂದ ಎರಡು ಎಲೆ ಒಂದು ಏಳು, ಒಂದು ಎರಡು, ಅದೂ ಬೇರೆ ಬೇರೆ ಬಣ್ಣದವು. ಅದಕ್ಕಿಂತ ಕೆಟ್ಟ ಎಲೆ ಕಟ್ಟಿನಲ್ಲೇ ಇಲ್ಲ. ಎದುರಿಗಿದ್ದ ದೊಡ್ಡ ಹ್ಯಾಟಿನ ಆಸಾಮಿ ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ನೂಕಿ ಎದೆಯುಬ್ಬಿಸಿ ಕೂತಿದ್ದ. ಮೆಲ್ವಿನ್ ಎಲೆ ಎಸೆಯಲು ಕೈ ಎತ್ತಿದ. ಆ ಕೋಣೆಯ ತಣ್ಣನೆ ಗಾಳಿ ಹೆಣ ಇಡುವ ಪೆಟ್ಟಿಗೆಯಂತಿತ್ತು. ಮೂಗಿನಲ್ಲೇನೋ ಹುಳು ಹರಿದಂತಾಯಿತು.

ಆಕ್ಷೀ!

ಅವನ ಎರಡೂ ಮೊಣಕೈ ಮೇಜಿಗೆ ಬಡಿದು, ಗೋಪುರ ಪೂರ್ತಿ ಕುಸಿದು, ಬಿಲ್ಲೆಗಳೆಲ್ಲ ಹಸಿರು ಬಟ್ಟೆಯ ಮೇಲಿನ ಹಳದಿ ಗೆರೆ ದಾಟಿಹೋದವು.

"ಪೂರ್ತಿ ಪಂತ" ಎಂದಳು ಎಲೆ ಹಂಚುವ ಲಿನ್, ಮುಖದ ಒಂದು ಗೆರೆಯೂ ಅಲುಗದಂತೆ.

"ಅಯ್ಯೋ, ನಾನು ಸೀನಿದ್ದು ತಾಯಿ!"

"ಹೆಂಗೆ ದಾಟ್ತು ಅನ್ನೋದಲ್ಲ ಸರ್. ದಾಟ್ತಾ, ಇಲ್ವಾ, ಅಷ್ಟೆ."

ಮೇಲ್ವಿಚಾರಕ ಬಂದ, ಗೆರೆ ನೋಡಿದ, ಬಿಲ್ಲೆ ನೋಡಿದ, ಮೆಲ್ವಿನ್ನನ ಮೂಗು ನೋಡಿದ, "ದಾಟಿದೆ" ಎಂದು ತೀರ್ಪು ಕೊಟ್ಟು ಹೋದ. ಹ್ಯಾಟಿನವನು ನಗುತ್ತಾ ಎಲೆ ತಿರುಗಿಸಿದ. ಜೋಡಿ ರಾಜರು. ಲಿನ್ ಎಲ್ಲರ ಕೈಗೂ ಸೇರುವ ನಡುವಿನ ಐದು ಎಲೆಗಳನ್ನು ಒಂದೊಂದಾಗಿ ಇಟ್ಟಳು. ಮೊದಲ ಮೂರರಲ್ಲೊಂದು ಏಳು. ನಾಲ್ಕನೆಯದು ಏನೂ ಇಲ್ಲ. ಐದನೆಯದು ಇನ್ನೊಂದು ಏಳು. ಮೆಲ್ವಿನ್ನನದು ಸೇರಿ ಮೂರು ಏಳು; ಜೋಡಿ ರಾಜರು ಸೋತರು.

ಹ್ಯಾಟಿನವನು ಹ್ಯಾಟು ತೆಗೆದ. "ಏಳು-ಎರಡು ಹಿಡ್ಕೊಂಡು ಎಲ್ಲಾ ಹಾಕಿದ್ಯೇನಯ್ಯಾ? ನಿಂಗೇನು ತಲೆ ಕೆಟ್ಟಿದ್ಯಾ?"

"ಸೀನು..." ಎಂದ ಮೆಲ್ವಿನ್.

"ಒಳ್ಳೇದಾಗ್ಲಿ ಮರಿ" ಎಂದಳು ಪಕ್ಕದ ಕುರ್ಚಿಯ ಹೆಂಗಸು. ಸೀನಿದವರಿಗೆ ಹೇಳುವ ಮಾತು ಅದು. ಅಲ್ಲಿಯವರೆಗೆ ಅವಳು ಬಾಯಿ ಬಿಟ್ಟಿರಲಿಲ್ಲ. ಅರವತ್ತೈದರ ಆಸುಪಾಸು, ಬೆನ್ನ ಮೇಲೊಂದು ನರೆತ ಜಡೆ, ಗಲ್ಲದವರೆಗೆ ಏರಿಸಿದ ಕಂದು ಸ್ವೆಟರು. ಎಲ್ಲರೂ ಬಿಟ್ಟಿ ಬಿಯರು ಕುಡಿಯುತ್ತಿದ್ದರೆ ಇವಳೊಬ್ಬಳು ನಿಂಬೆ ಹಿಂಡಿದ ಬಿಸಿನೀರು ಕುಡಿಯುತ್ತಿದ್ದಳು. ಹೆಸರು ರೋವೀನಾ.

ಅಲ್ಲಿಂದ ಆಟದ ದಿಕ್ಕೇ ಬದಲಾಯಿತು. ಏಳು-ಎರಡು ಹಿಡಿದು ಸರ್ವಸ್ವವನ್ನೂ ನೂಕುವವನು ಒಂದೋ ಹುಚ್ಚ, ಇಲ್ಲವೇ ಭಯಂಕರ ಆಟಗಾರ. ಯಾವುದಾದರೂ ಇವನ ತಂಟೆ ಬೇಡ ಎಂದು ಮೇಜಿನವರು ತೀರ್ಮಾನಿಸಿದರು. ಮೆಲ್ವಿನ್ನನ ಮೂಗು ಸೋರತೊಡಗಿತ್ತು. ಅವನು ಮೂಗೆಳೆದರೆ ಸಾಕು, ಅಕ್ಕಪಕ್ಕದವರು ಎಲೆ ಎಸೆಯುತ್ತಿದ್ದರು. ಒಂದು ಸಲ ನಿಜವಾಗಿ ಕರವಸ್ತ್ರ ತೆಗೆದಾಗ ಮೂವರು ಒಟ್ಟಿಗೇ ಕೈಚೆಲ್ಲಿದರು. ಅವನ ಮುಂದೆ ಬಿಲ್ಲೆಗಳು ಬೆಳೆದವು. ಎರಡು ಗೋಪುರ, ನಾಲ್ಕು, ಏಳು. ಏಳು ವರ್ಷದಲ್ಲಿ ಮೊದಲ ಸಲ ಅವನು ವಿರಾಮದ ಗಂಟೆ ಕೇಳಿದ. ಎಲ್ಲರೂ ಎದ್ದು ಮೂತ್ರಕ್ಕೆ ಹೋದರೂ ಅವನಿಗೆ ಏಳಬೇಕೆಂದು ತಿಳಿಯಲೇ ಇಲ್ಲ.

ಒಂದು ಗಂಟೆಗೆ ವರ್ನಾ ಹುಡುಕಿಕೊಂಡು ಬಂದಳು. ಹಿತ್ತಾಳೆ ಕಂಬಿಯಾಚೆ ನಿಂತು, ಹಾಲು ಉಕ್ಕಿಸಿದವನನ್ನು ನೋಡುವಂತೆ ನೋಡಿದಳು.

"ಇನ್ನೂ ಇಲ್ಲೇ ಇದ್ದೀಯಾ? ಏನಾಗಿದೆ ನಿಂಗೆ?"

"ಗೆಲ್ತಾ ಇದ್ದೀನಿ ವರ್ನಾ."

"ನೀನಾ?" ಅವಳು ಬಿಲ್ಲೆಗಳನ್ನು ನೋಡಿದಳು. ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಅನುಮಾನವಿತ್ತು. "ಯಾರದಾದ್ರೂ ಸರಿಸ್ಕೊಂಡ್ಯಾ? ಪೆಟ್ಟಿಗೆ ಯಾರು ಹೊರ್ತಾರೆ? ನಾನು ನಾಲ್ಕು ಪೆಟ್ಟಿಗೆ ಎಳ್ಕೊಂಡು ಲಿಫ್ಟ್ ಇಳಿದಿದ್ದೀನಿ!"

ಅವಳ ಹಿಂದೆ ಹಾರ್ಲನ್ ಪ್ರತ್ಯಕ್ಷನಾದ. ಗೆಳೆಯನ ಬಿಲ್ಲೆಗಳನ್ನು ಕಂಡದ್ದೇ ಅವನ ಕಣ್ಣುಗಳು ತೇವವಾದವು. ಕಂಬಿಗೆ ಒರಗಿ ಪಿಸುಗುಟ್ಟಿದ: "ಇನ್ಮೇಲೆ ನಾನಿದ್ದೀನಿ ಬಿಡು. ನಾನು ಮೂಗು ಮುಟ್ಕೊಂಡ್ರೆ ನೀನು ಎಲೆ ಎಸಿ. ಕಿವಿ ಮುಟ್ಕೊಂಡ್ರೆ ಆಡು. ಎರಡು ಕಿವಿ ಮುಟ್ಕೊಂಡ್ರೆ ಎಲ್ಲಾ ಹಾಕು."

"ನಿಂಗೆ ನನ್ನ ಎಲೆ ಕಾಣ್ಸಲ್ವಲ್ಲೋ!"

"ಎಲೆ ಯಾರಿಗೆ ಬೇಕು? ನಾನು ಮುಖ ಓದ್ತೀನಿ."

ಹೀಗೆ ಎರಡು ಗಂಟೆ ಹೊತ್ತು ಮೆಲ್ವಿನ್ ತನ್ನ ಎಲೆ, ಎದುರಿನವರ ಮುಖ, ಗೋಡೆಯ ಗಡಿಯಾರ, ಹಾರ್ಲನ್ನನ ಮೂಗು ಈ ನಾಲ್ಕನ್ನೂ ನೋಡುತ್ತಾ ಆಡಿದ. ಮೂಗು-ಕಿವಿಗಳನ್ನು ಅವನು ಪಾಲಿಸಲಿಲ್ಲ, ಆದರೆ ನೋಡದೇ ಇರಲೂ ಆಗಲಿಲ್ಲ. ಮೂರು ಗಂಟೆಗೆ ಆರು ಜನ ಉಳಿದಿದ್ದರು. ಬಹುಮಾನ ಮೊದಲ ನಾಲ್ವರಿಗೆ. ಒಂದು ದೊಡ್ಡ ಪಂತದ ನಡುವೆ ಹಾರ್ಲನ್‌ಗೆ ಎರಡು ಕಿವಿಯೂ ಒಟ್ಟಿಗೇ ತುರಿಸಿದವು. ಅದು ನಿಜವಾದ ತುರಿಕೆ. ಹೋಟೆಲಿನ ದಿಂಬಿನ ಕೃಪೆ. ಅವನು ಎರಡೂ ಕೈಯಿಂದ ಕೆರೆದುಕೊಂಡ.

ಮೇಜಿನ ತುದಿಯ ಕನ್ನಡಕದವನು ಎದ್ದು ನಿಂತ. "ನೋಡಿ ಸ್ವಾಮಿ, ಅಲ್ಲಿ ಆ ಮನುಷ್ಯ ಎರಡು ಗಂಟೆಯಿಂದ ಕೋತಿ ಥರ ಆಡ್ತಿದ್ದಾನೆ. ಇವನಿಗೆ ಸನ್ನೆ ಮಾಡ್ತಿದ್ದಾನೆ!"

ಮೇಲ್ವಿಚಾರಕ ಮತ್ತೆ ಬಂದ. "ಸರ್, ಇವರು ನಿಮಗೆ ಪರಿಚಯವಾ?"

ಹತ್ತೊಂಬತ್ತು ವರ್ಷದ ಗೆಳೆತನ ಒಂದು ಕ್ಷಣ ತೂಗಾಡಿತು. "ಮುಖ ನೋಡಿದ ಹಾಗಿದೆ" ಎಂದ ಮೆಲ್ವಿನ್.

"ಮುಖ ನೋಡಿದ ಹಾಗಿದೆಯಾ?" ಹಾರ್ಲನ್ ಕಂಬಿಯನ್ನೇ ಅಲುಗಾಡಿಸಿದ. "ರಾತ್ರಿ ಒಂದೇ ಕೋಣೇಲಿ ನಿನ್ನ ಗೊರಕೆ ಕೇಳ್ಕೊಂಡು ಮಲಗಿದ್ದೀನಲ್ಲೋ ಪಾಪಿ!"

ಇಬ್ಬರು ಕಾವಲುಗಾರರು ಹಾರ್ಲನ್ನನ ತೋಳು ಹಿಡಿದು ಬಾಗಿಲಿನಾಚೆ ಬಿಟ್ಟರು. ಮೆಲ್ವಿನ್‌ಗೆ ಶಿಕ್ಷೆಯಾಗಿ ಹತ್ತು ನಿಮಿಷ ಎಲೆ ಮುಟ್ಟುವಂತಿಲ್ಲ. ಅಷ್ಟು ಹೊತ್ತೂ ಪ್ರತಿ ಆಟಕ್ಕೂ ಕಡ್ಡಾಯದ ಬಿಲ್ಲೆಗಳು ಅವನ ಗೋಪುರದಿಂದ ಹೋಗುತ್ತಿದ್ದವು. ಮೇಜಿನಿಂದ ಮೂರು ಹೆಜ್ಜೆ ದೂರ ನಿಂತು, ಅವನು ತನ್ನ ಬಿಲ್ಲೆಗಳು ಬೇರೆಯವರ ಕಡೆ ಹರಿಯುವುದನ್ನು ನೋಡಿದ. ಆದರೆ ಆ ಹತ್ತು ನಿಮಿಷದಲ್ಲೇ ಇಬ್ಬರು ಆಟಗಾರರು ಪಂತದ ಮೇಲೆ ಪಂತ ಕಟ್ಟಿ, ಸೋತು ಎದ್ದು ಹೋದರು. ಮೆಲ್ವಿನ್ ಮರಳಿ ಕೂರುವ ಹೊತ್ತಿಗೆ ಏನೂ ಮಾಡದೆಯೇ ಬಹುಮಾನದ ಒಳಗಿದ್ದ. ಉಳಿದವರು ಅವನು, ಕನ್ನಡಕದವನು, ರೋವೀನಾ, ಮತ್ತು ನಿದ್ದೆಗಣ್ಣಿನ ಒಬ್ಬ ಮುದುಕ.

ಮೂರು ಇಪ್ಪತ್ತಕ್ಕೆ ವರ್ನಾ ಕಂಬಿಯ ಹತ್ತಿರ ಕೊನೆಯ ಸಲ ಬಂದಳು. "ನಾನು ಹೋಗಿ ಸೀಟು ಹಿಡೀತೀನಿ. ನಾಲ್ಕು ಅಂದ್ರೆ ನಾಲ್ಕು. ನಿನ್ನ ಹೆಸರಲ್ಲಿ ಬಸ್ಸು ನಿಲ್ಲಿಸೋಕೆ ನಾನೇನು ಪೊಲೀಸಲ್ಲ. ಒಲೆ ಹಚ್ಚೋಕೆ ನೀನಿಲ್ಲ ಅಂದ್ರೆ ಆ ಮುಖ್ಯೋಪಾಧ್ಯಾಯಿನಿ ತಾಯಿಗೆ ನಾನೇನು ಹೇಳ್ಲಿ?"

"ಬರ್ತೀನಿ ವರ್ನಾ, ಬಂದ್ಬಿಟ್ಟೆ."

ಮೊದಲ ಬಹುಮಾನ ಸಾವಿರದ ನೂರು ಡಾಲರ್. ಎರಡನೆಯದು ಆರು ನೂರ ಇಪ್ಪತ್ತು. ಜೊತೆಗೆ ಮೊದಲು ಬಂದವರ ಫೋಟೋ ತೆಗೆದು ಬಾಗಿಲ ಬಳಿಯ ಗೋಡೆಗೆ ಹಾಕುತ್ತಾರೆ. ಏಳು ವರ್ಷದಿಂದ ಹೊರಗೆ ಹೋಗುವಾಗಲೆಲ್ಲ ಆ ಗೋಡೆಯ ಮುಂದೆ ತಲೆತಗ್ಗಿಸಿ ನಡೆದಿದ್ದ ಮೆಲ್ವಿನ್‌ಗೆ ದುಡ್ಡಿಗಿಂತ ಆ ಫೋಟೋದ ಮೇಲೆ ಆಸೆ ಹೆಚ್ಚು. ಆ ಫೋಟೋದ ಒಂದು ಪ್ರತಿಯನ್ನು ಅಡುಗೆಮನೆಯಲ್ಲಿ, ದೊಡ್ಡ ಪಾತ್ರೆಯ ಮೇಲುಗಡೆ, ಹಾರ್ಲನ್ ದಿನಾ ನೆಲ ಒರೆಸುವ ಜಾಗದ ಎದುರಿಗೇ ಅಂಟಿಸಬೇಕು.

ಮೂರು ಇಪ್ಪತ್ತೆಂಟಕ್ಕೆ ಮುದುಕ ಹೋದ. ಮೂರು ಮೂವತ್ತೈದಕ್ಕೆ ಮೆಲ್ವಿನ್ ಜೋಡಿ ರಾಣಿಯರನ್ನು ಹಿಡಿದು, ಕನ್ನಡಕದವನ ಪಂತಕ್ಕೆ ತನ್ನದೂ ಹಾಕಿದ. ಕನ್ನಡಕದವನ ಕೈಲಿ ಎಕ್ಕ ಮತ್ತು ರಾಜ. ಐದು ಎಲೆಯಲ್ಲಿ ಎಕ್ಕವೂ ಬರಲಿಲ್ಲ, ರಾಜನೂ ಬರಲಿಲ್ಲ. ಕನ್ನಡಕದವನು, "ಆ ಕೋತಿಗೆ ನನ್ನ ನಮಸ್ಕಾರ ಹೇಳು" ಎಂದು ಎದ್ದು ಹೋದ.

ಉಳಿದದ್ದು ಇಬ್ಬರೇ. ಬಿಲ್ಲೆಗಳಲ್ಲಿ ಮೂರರಲ್ಲೆರಡು ಪಾಲು ಮೆಲ್ವಿನ್ನನ ಮುಂದೆ. ರೋವೀನಾ ತನ್ನ ಪಾಲನ್ನು ಜೋಡಿಸಿ, ನಿಂಬೆನೀರಿನ ಒಂದು ಗುಟುಕು ಕುಡಿದು, ಸ್ವೆಟರಿನ ತೋಳು ಸರಿಮಾಡಿಕೊಂಡಳು. ಇಡೀ ದಿನ ತನಗೆ ಬಿಡುವಿದೆ ಎಂಬಂತಿತ್ತು ಅವಳ ರೀತಿ.

ಮೆಲ್ವಿನ್ ಗಡಿಯಾರ ನೋಡಿದ. ಮತ್ತೆ ನೋಡಿದ.

"ಎಲ್ಲಿಗಾದ್ರೂ ಹೋಗ್ಬೇಕಾ ಮರಿ?" ಎಂದಳು ರೋವೀನಾ.

ಪೋಕರ್ ಮೇಜಿನಲ್ಲಿ ತನ್ನ ಕಷ್ಟ ಹೇಳಿಕೊಳ್ಳಬಾರದು ಎನ್ನುವುದನ್ನು ಹಾರ್ಲನ್ ಸಾವಿರ ಸಲ ಹೇಳಿದ್ದ. ಆದರೆ ಹಾರ್ಲನ್ ಈಗ ಬೀದಿಯಲ್ಲಿದ್ದ. "ಬಸ್ಸು" ಎಂದುಬಿಟ್ಟ ಮೆಲ್ವಿನ್. "ನಾಲ್ಕಕ್ಕೆ. ಬೇಕರ್ಸ್‌ಫೀಲ್ಡಿಗೆ. ತಪ್ಪಿದ್ರೆ ಕೆಲಸ ಹೋಗುತ್ತೆ. ಒಂದ್ ಮಾತು ಹೇಳ್ಲಾ? ಬಹುಮಾನ ಇಬ್ರೂ ಹಂಚ್ಕೊಂಡು ಎದ್ದುಬಿಡೋಣ. ನನ್ನ ಬಿಲ್ಲೆ ಜಾಸ್ತಿ ಇದೆ, ಆದ್ರೂ ಸಮ ಸಮ. ಏನಂತೀರಿ?"

ಅವಳ ಕೈ ಬಿಲ್ಲೆಗಳ ಮೇಲೆ ನಿಂತಿತು. "ವಾಹನ ನಿಲ್ಲಿಸೋ ಜಾಗದ ಹಿಂದೆ ನಿಲ್ಲುತ್ತಲ್ಲ, ಆ ನೀಲಿ ಬಸ್ಸಾ?"

"ಹೂಂ, ಅದೇ. ನಿಮಗೆ ಗೊತ್ತಾ?"

"ಗೊತ್ತಾ ಅಂದ್ರೆ? ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ನಾನು ಅದರಲ್ಲೇ ಓಡಾಡೋದು." ಅವಳು ತಲೆ ಆಡಿಸಿದಳು. "ಒಂದು ದಿನ, ಒಂದೇ ಒಂದು ದಿನ ಒಂದು ನಿಮಿಷ ತಡವಾಗಿ ಹೊರಟಿಲ್ಲ ಮರಿ. ಅದರ ಡ್ರೈವರ್ ಬಲು ಖಡಕ್ಕು. ಹೋದ ವರ್ಷ ಒಬ್ಬ ಮದುಮಗನ್ನೇ ಬಿಟ್ಟು ಹೊರಟುಬಿಡ್ತು."

"ಮದುಮಗನ್ನಾ?"

"ಮದುಮಗಳು ಹತ್ತಿಯಾಗಿತ್ತು. ದಾರೀಲಿ ಬಾರ್‌ಸ್ಟೋ ಊರು ದಾಟೋವರೆಗೂ ಅಳ್ತಾನೇ ಇದ್ಳು."

"ಹಾಗಾದ್ರೆ ಹಂಚ್ಕೊಳ್ಳೋಣ!"

"ಹಂಚ್ಕೊಳ್ಳೋದು ನಂಗೆ ಆಗ್ಬರಲ್ಲಪ್ಪ. ನಂಗೇನೂ ಅವಸರ ಇಲ್ಲ."

ಮೂರು ನಲವತ್ತು. ಇನ್ನು ಮೆಲ್ವಿನ್ ಆಡಿದ್ದು ಪೋಕರ್ ಅಲ್ಲ, ಓಟ. ಎಲೆ ಬಂದದ್ದೇ ಬಿಲ್ಲೆ ನೂಕುತ್ತಿದ್ದ. ರೋವೀನಾ ಪ್ರತಿ ಸಲವೂ ಎಲೆಯ ಮೂಲೆ ಎತ್ತಿ ನೋಡುವಳು, ಯೋಚಿಸುವಳು, ನಿಂಬೆನೀರು ಕುಡಿಯುವಳು, ಮತ್ತೆ ಎಲೆ ನೋಡುವಳು, ಆಮೇಲೆ ಎಸೆಯುವಳು. ಅವಳ ಒಂದೊಂದು ಯೋಚನೆಗೂ ಮೆಲ್ವಿನ್ನನ ಆಯುಷ್ಯದಲ್ಲಿ ಒಂದೊಂದು ವರ್ಷ ಕಳೆಯುತ್ತಿತ್ತು. ಮೂರು ನಲವತ್ಮೂರಕ್ಕೆ ಅವನು ಇಸ್ಪೀಟು ನಾಲ್ಕು ಮತ್ತು ಡೈಮನ್ ಒಂಬತ್ತು ಹಿಡಿದು ಎಲ್ಲಾ ನೂಕಿದ. ಈ ಸಲ ಅವಳು ಯೋಚಿಸಲಿಲ್ಲ. ಜೋಡಿ ಹತ್ತು. ಬಿಲ್ಲೆಗಳ ದೊಡ್ಡ ಪಾಲು ಮೇಜು ದಾಟಿ ಹೋಯಿತು.

ನಿಧಾನವಾಗಿ ಆಡಿದ್ದರೆ ಇನ್ನೂ ಅವಕಾಶವಿತ್ತು. ಆದರೆ ನಿಧಾನ ಎಲ್ಲಿಂದ ತರುವುದು? ಮೂರು ನಲವತ್ತಾರಕ್ಕೆ ಉಳಿದದ್ದನ್ನೂ ನೂಕಿದ. ನೂಕಿದ ಮೇಲೆ ತನ್ನ ಎಲೆ ನೋಡಿದ. ಒಂದು ಮೂರು, ಒಂದು ಗುಲಾಮ. ಅವಳ ಕೈಯಲ್ಲಿ ಎಕ್ಕ. ನಡುವಿನ ಐದು ಎಲೆಗಳು ಯಾರಿಗೂ ಏನೂ ಕೊಡಲಿಲ್ಲ. ಎಕ್ಕ ಒಂದೇ ಸಾಕಾಯಿತು.

"ಚೆನ್ನಾಗಿ ಆಡ್ದೆ ಮರಿ" ಎಂದು ಅವಳು ಕೈ ಚಾಚಿದಳು. ಕೈ ಕುಲುಕುವಷ್ಟು ಪುರುಸೊತ್ತೂ ಅವನಿಗಿರಲಿಲ್ಲ.

ದುಡ್ಡು ಕೊಡುವ ಕಿಟಕಿಯ ಮುಂದೆ ಮೂವರಿದ್ದರು. ಮೊದಲನೆಯ ಅಜ್ಜಿ ಒಂದು ಬಕೆಟ್ ಚಿಲ್ಲರೆ ತಂದಿದ್ದಳು. ಮೆಲ್ವಿನ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿದ. ಬೆಳಗ್ಗಿನಿಂದ ತಡೆದುಕೊಂಡಿದ್ದ ಇನ್ನೊಂದು ಅವಸರವೂ ಈಗ ನೆನಪಾಯಿತು. ಮೂರು ಐವತ್ತೊಂದಕ್ಕೆ ಅವನ ಸರದಿ.

"ಅಭಿನಂದನೆಗಳು ಸರ್. ಆರು ನೂರ ಇಪ್ಪತ್ತು. ಗುರುತಿನ ಚೀಟಿ?"

ಮೆಲ್ವಿನ್ ಜೇಬು ತಟ್ಟಿಕೊಂಡ. ಇನ್ನೊಂದು ಜೇಬು ತಟ್ಟಿಕೊಂಡ. ಗುರುತಿನ ಚೀಟಿ ಪರ್ಸಿನಲ್ಲಿ, ಪರ್ಸು ವರ್ನಾಳ ಕೈಚೀಲದಲ್ಲಿ, ಕೈಚೀಲ ಬಸ್ಸಿನ ಹತ್ತಿರ.

"ನನ್ನ ಮುಖ ನೋಡಿ ಕೊಡೋಕಾಗಲ್ವಾ? ಬೆಳಗ್ಗಿನಿಂದ ಇಲ್ಲೇ ಇದ್ದೀನಿ, ಎಲ್ಲರೂ ನೋಡಿದ್ದಾರೆ. ನಾನು ಸೀನಿದವನು!"

"ಗೊತ್ತು ಸರ್. ಆದರೂ ಚೀಟಿ ಬೇಕು. ಗಾಬರಿ ಬೇಡ, ದುಡ್ಡು ಮೂವತ್ತು ದಿನ ನಿಮ್ಮ ಹೆಸರಲ್ಲೇ ಇರುತ್ತೆ. ಬೇರೆಯವರನ್ನ ಕಳಿಸಿದ್ರೆ ಆಗಲ್ಲ, ನೀವೇ ಬರ್ಬೇಕು."

ಮೆಲ್ವಿನ್ ಓಡಿದ. ಐವತ್ತಾರು ವರ್ಷದ ದೇಹ, ಹುರುಳಿಕಾಯಿಯ ಜೊತೆ ಬೆಳೆದ ಹೊಟ್ಟೆ, ಸೋರುವ ಮೂಗು, ತುಂಬಿದ ಮೂತ್ರಕೋಶ ಎಲ್ಲವನ್ನೂ ಹೊತ್ತು ಫ್ರೀಮಾಂಟ್ ಬೀದಿಯ ಜನಜಂಗುಳಿಯಲ್ಲಿ ಓಡಿದ. ಗರಿಯ ಕಿರೀಟ ತೊಟ್ಟು ಫೋಟೋಗೆ ನಿಂತಿದ್ದ ಇಬ್ಬರು ಹುಡುಗಿಯರ ನಡುವೆ ನುಗ್ಗಿದಾಗ ಒಂದು ಗರಿ ಅವನ ಕಾಲರಿಗೆ ಸಿಕ್ಕಿಕೊಂಡೇ ಬಂತು. ಹಿಂದಿನಿಂದ ಯಾರೋ, "ಕಳ್ಳ!" ಎಂದು ಕೂಗಿದರು. ಅವನು ತಿರುಗಲಿಲ್ಲ. ಮೂಲೆ ತಿರುಗಿದಾಗ ಬ್ಯಾಂಕಿನ ಗಡಿಯಾರ ಮೂರು ಐವತ್ತೊಂಬತ್ತು ತೋರಿಸುತ್ತಿತ್ತು.

ನೀಲಿ ಬಸ್ಸು ಇತ್ತು! ಮೆಲ್ವಿನ್ ಅದರ ತಗಡನ್ನು ತಬ್ಬಿಕೊಂಡ. ಬಿಸಿಲಿಗೆ ಕಾದ ತಗಡು ಚುರ್ ಎಂದಿತು.

ಬಸ್ಸಿನ ಬಾಗಿಲು ಹಾಕಿತ್ತು. ನಲವತ್ತೊಂದು ಜನ ಪೆಟ್ಟಿಗೆಗಳ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದರು. ಡ್ರೈವರ್ ಬಂದಿರಲಿಲ್ಲ.

"ನೀನು ಬದುಕಿದೆ" ಎಂದಳು ವರ್ನಾ.

"ನನ್ನ ಪರ್ಸು ಕೊಡು! ದುಡ್ಡು ಅಲ್ಲೇ ಇದೆ. ಆರು ನೂರ ಇಪ್ಪತ್ತು! ಹದಿನೈದು ನಿಮಿಷ, ಹೋಗಿ ಬಂದ್ಬಿಡ್ತೀನಿ."

ಪರ್ಸು ಕೊಟ್ಟಳು. ಆದರೆ ಕಾಲರು ಹಿಡಿದುಕೊಂಡಳು. "ಎಲ್ಲಿಗೂ ಹೋಗ್ಬೇಡ. ಡ್ರೈವರ್ ಯಾವ ನಿಮಿಷಕ್ಕೆ ಬರ್ತಾರೋ ಏನೋ. ಬಂದ್ರೆ ಹೊರಟೇಬಿಡುತ್ತೆ."

"ಅದು ನಿಜ" ಎಂದ ಮೆಲ್ವಿನ್. ಮದುಮಗನ ಕತೆ ಅವನ ಕಿವಿಯಲ್ಲಿತ್ತು.

ಹಾರ್ಲನ್ ಮುಖ ತಿರುಗಿಸಿ ನಿಂತಿದ್ದ. "ಮುಖ ನೋಡಿದ ಹಾಗಿದೆಯಂತೆ" ಎಂದು ಯಾವುದೋ ಲೈಟುಕಂಬಕ್ಕೆ ಹೇಳಿದ.

ನಾಲ್ಕು ಐದಾಯಿತು. ನಾಲ್ಕು ಹತ್ತಾಯಿತು. "ಈಗ ಹೋಗಿದ್ರೆ ಕಿಟಕಿ ಮುಟ್ತಿದ್ದೆ" ಎಂದ ಮೆಲ್ವಿನ್. ವರ್ನಾ ಕಾಲರು ಬಿಡಲಿಲ್ಲ. ನಾಲ್ಕು ಹದಿನೈದಾಯಿತು. "ಈಗ ದುಡ್ಡು ಎಣಿಸ್ಕೊಂಡು ವಾಪಸ್ ಬಂದಿರ್ತಿದ್ದೆ." ನಾಲ್ಕು ಇಪ್ಪತ್ತಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಬಂದ ದಿನ ಬಸ್ಸು ಓಡಿಸಿದ್ದ ದಪ್ಪ ಮನುಷ್ಯ ಎಲ್ಲಿ ಹಾಳಾದ ಎಂದು ಜನ ಬೈಯತೊಡಗಿದರು. "ಅವರದು ಶುಕ್ರವಾರ. ಭಾನುವಾರದವರು ಬೇರೆ" ಎಂದ ಒಬ್ಬ ಹಳೇ ಪ್ರಯಾಣಿಕ. "ಬಹಳ ಖಡಕ್ಕು. ಯಾವತ್ತೂ ಹೀಗೆ ಮಾಡಿದೋರಲ್ಲ."

ನಾಲ್ಕು ಇಪ್ಪತ್ತೇಳಕ್ಕೆ ಮೂಲೆಯಿಂದ ಡ್ರೈವರ್ ಬಂದರು. ನೀಲಿ ಕೋಟು, ನೀಲಿ ಟೊಪ್ಪಿ, ಒಂದು ಕೈಯಲ್ಲಿ ಬೀಗದ ಕೈ ಗೊಂಚಲು, ಇನ್ನೊಂದು ಕೈಯಲ್ಲಿ ಮಡಿಸಿದ ಕಂದು ಸ್ವೆಟರು. ಬೆನ್ನ ಮೇಲೊಂದು ನರೆತ ಜಡೆ.

ಮೆಲ್ವಿನ್ ವರ್ನಾಳ ಕೈಯಿಂದ ಕಾಲರು ಬಿಡಿಸಿಕೊಂಡು ಮುಂದೆ ಬಂದ.

"ಕ್ಷಮಿಸಿ, ಕ್ಷಮಿಸಿ" ಎನ್ನುತ್ತಾ ರೋವೀನಾ ಬಾಗಿಲು ತೆಗೆದಳು. "ಹನ್ನೊಂದು ವರ್ಷದಲ್ಲಿ ಇದೇ ಮೊದಲ ಸಲ. ಫೋಟೋ ತೆಗೀಬೇಕು ಅಂತ ಹಿಡಿದು ಕೂರಿಸ್ಕೊಂಡ್ಬಿಟ್ರು. ಮೂರು ಸಲ ಕಣ್ಣು ಮುಚ್ಚಿದ್ದೆ ಅಂತ ನಾಲ್ಕು ಸಲ ತೆಗೆದ್ರು."

"ನೀವು... ನೀವೇ ಡ್ರೈವರ್!"

"ಓ, ಸೀನಿನ ಮರಿ! ಸಿಕ್ತಲ್ಲ ಬಸ್ಸು. ಒಳ್ಳೇದಾಯ್ತು."

"ಒಂದು ನಿಮಿಷ ತಡ ಆಗಲ್ಲ ಅಂದ್ರಿ! ಆ ಬಸ್ಸು ನಂದೇ ಅಂತ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ." ಅವಳು ಮೆಟ್ಟಿಲ ಮೇಲೆ ನಿಂತು ಅವನನ್ನು ಕನಿಕರದಿಂದಲೇ ನೋಡಿದಳು. "ನಿನ್ನ ಕೈಲಿ ಯಾವ ಎಲೆ ಇದೆ ಅಂತ ನೀನು ನಂಗೆ ಹೇಳ್ತಿದ್ಯಾ? ಆದ್ರೆ ನಾನಾಡಿದ ಮಾತಲ್ಲಿ ಒಂದೂ ಸುಳ್ಳಿಲ್ಲ ನೋಡು. ಆ ಮದುಮಗನೂ ನಿಜ."

"ಹಾಗಾದ್ರೆ ಹತ್ತೇ ನಿಮಿಷ ನಿಲ್ಸಿ. ದುಡ್ಡು ತಗೊಂಡ್ ಬರ್ತೀನಿ. ನೀವು ನಂಗೆ ಅಷ್ಟಾದ್ರೂ ಮಾಡ್ಬೇಕು!"

ರೋವೀನಾ ನಿಜಕ್ಕೂ ಯೋಚಿಸಿದಳು. ಮೇಜಿನಲ್ಲಿ ಯೋಚಿಸಿದಂತೆಯೇ, ನಿಧಾನವಾಗಿ. ಆಮೇಲೆ, ಅಷ್ಟರಲ್ಲಿ ಹತ್ತಿ ಕೂತಿದ್ದ ಜನರ ಕಡೆ ತಿರುಗಿ ಕೂಗಿದಳು: "ಇವರಿಗೆ ಪೇಟೇಲಿ ಹತ್ತು ನಿಮಿಷದ ಕೆಲಸ ಇದೆಯಂತೆ. ಕಾಯೋದಾ, ಹೊರಡೋದಾ? ನಿಮ್ಮಿಷ್ಟ."

ಅರ್ಧ ಗಂಟೆ ಬಿಸಿಲಲ್ಲಿ ಬೆಂದಿದ್ದ ಜನ ಒಂದೇ ದನಿಯಲ್ಲಿ ಕೊಟ್ಟ ಉತ್ತರಕ್ಕೆ ಕಿಟಕಿಯ ಗಾಜು ನಡುಗಿತು. "ಹೊರಡಿ" ಎಂದವರಲ್ಲಿ ಎಲ್ಲಕ್ಕಿಂತ ಗಟ್ಟಿ ದನಿ ವರ್ನಾಳದು. ಎರಡನೆಯದು ಹಾರ್ಲನ್ನನದು.

ಉಳಿದಿದ್ದ ಒಂದೇ ಸೀಟು ಡ್ರೈವರ್ ಹಿಂದಿನದು. ಮೆಲ್ವಿನ್ ಕುಳಿತ. ಕಾಲರಿನಲ್ಲಿದ್ದ ಗರಿ ಗಾಳಿಗೆ ಅಲುಗಿತು. ಬಸ್ಸಿನ ಹಿಂಬದಿಯ ಶೌಚಾಲಯದ ಮೇಲೆ, 'ಕೆಟ್ಟಿದೆ' ಎಂದು ಬರೆದ ಹಲಗೆ ತೂಗುತ್ತಿತ್ತು.

ಊರು ದಾಟಿ ಮರುಭೂಮಿಯ ರಸ್ತೆ ಸಿಕ್ಕಿದ ಮೇಲೆ ಅವನ ಫೋನು ರಿಂಗಾಯಿತು. ಆರ್ಲೀನ್.

"ಬಸ್ಸು ಸಿಕ್ತಾ?"

"ಸಿಕ್ತು. ಆರ್ಲೀನ್, ಕೇಳು. ನಾನು ಎರಡನೇ ಬಹುಮಾನ ಗೆದ್ದೆ. ಐವತ್ತೆರಡು ಜನರಲ್ಲಿ ಎರಡನೆಯವನು. ಆರು ನೂರ ಇಪ್ಪತ್ತು ಡಾಲರ್!"

"ನಿಜವಾಗ್ಲೂ? ದುಡ್ಡು ಎಲ್ಲಿದೆ?"

ಮೆಲ್ವಿನ್ ಕಿಟಕಿಯಾಚೆ ನೋಡಿದ. "ವೇಗಸ್‌ನಲ್ಲೇ ಇದೆ" ಎಂದ.

"ಅದು ನಂಗೊತ್ತು ಬಿಡು" ಎಂದಳು ಆರ್ಲೀನ್. "ಹೋದ ವರ್ಷದ್ದೂ ಅಲ್ಲೇ ಇದೆ. ಅದರ ಹಿಂದಿನ ವರ್ಷದ್ದೂ ಅಲ್ಲೇ ಇದೆ."